ಏದುಸಿರಿನ ಟೊಲೇಡೊ

ಸ್ಪೇನಿನ ಟೊಲೇಡೊ ಊರನ್ನು ಕಟ್ಟಿದವರಿಗೆ ಇದ್ದದ್ದು ಒಂದೇ ಯೋಚನೆ ಅನಿಸುತ್ತದೆ. ಇಲ್ಲಿಗೆ ಯಾರೂ ಓಡಿಕೊಂಡು ಬರಬಾರದು! ಮೂರು ಕಡೆ ತಾಹೋ ನದಿ ಆಳವಾದ ಕಣಿವೆ ಕೊರೆದುಕೊಂಡು ಸುತ್ತಿದೆ. ಉಳಿದ ಕಡೆ ಕೋಟೆ ಗೋಡೆ. ನಡುವೆ ಕಲ್ಲುಗುಡ್ಡ. ಗುಡ್ಡದ ತುಂಬ, ಎಲ್ಲಿಗೆ ಹೋಗಬೇಕು ಅಂತ ತಮಗೇ ಗೊತ್ತಿಲ್ಲದ ಓಣಿಗಳು. ರೋಮನ್ನರು, ವಿಸಿಗಾಥರು, ಅರಬರು, ಆಮೇಲೆ ಕ್ಯಾಸ್ಟೀಲಿನ ದೊರೆಗಳು, ಎಲ್ಲರೂ ಈ ಏರ್ಪಾಟನ್ನು ಒಪ್ಪಿ ಹಾಗೇ ಉಳಿಸಿಕೊಂಡರು. ಇಂಥ ಊರಲ್ಲಿ ಈಗ ಬೆಳ್ಳಂಬೆಳಿಗ್ಗೆ ಪ್ರವಾಸಿಗಳನ್ನು ಓಡಿಸಿಕೊಂಡು ಚರಿತ್ರೆ ತೋರಿಸುತ್ತಾರೆ. ಅದಕ್ಕೆ ದುಡ್ಡು ಬೇರೆ ಕೊಡಬೇಕು.

ಕೊಟ್ಟಿದ್ದು ನನ್ನ ಗಂಡ. ಅವರಿಗೆ ಓಟದ ಹುಚ್ಚು, ನನಗೆ ಹಳೇ ಕಟ್ಟಡಗಳ ಹುಚ್ಚು. ಎರಡೂ ಒಟ್ಟಿಗೆ ಮುಗಿಯುತ್ತೆ ಅಂದರು. 'ಮುಗಿಯುತ್ತೆ' ಅನ್ನುವವರನ್ನು ಪ್ರವಾಸಕ್ಕೆ ಕರೆದುಕೊಂಡೇ ಹೋಗಬಾರದು.

ಬಿಸಾಗ್ರ ಹೆಬ್ಬಾಗಿಲ ಮುಂದೆ ಎಲ್ಲರೂ ಸೇರಿದೆವು. ಬಾಗಿಲ ಮೇಲೆ ಐದನೇ ಚಾರ್ಲ್ಸ್ ದೊರೆಯ ಎರಡು ತಲೆಯ ಹದ್ದು ಕೂತಿದೆ. ಎಂಥ ದೊಡ್ಡ ಹದ್ದು ಅಂತೀರಿ! ಅದರ ಎರಡನೇ ತಲೆ ನೋಡುವಷ್ಟರಲ್ಲಿ ಗೈಡಮ್ಮ ಓಡಲು ಶುರು ಮಾಡಿದ್ದರು. ಕಡ್ಡಿಯಂಥ ಹೆಂಗಸು. ಓಡುತ್ತಲೇ ಮಾತಾಡುತ್ತಾರೆ, ಅದೂ ಮುಂದೆ ನೋಡಿಕೊಂಡು. ಎರಡಕ್ಕೂ ಸಾಕಾಗುವಷ್ಟು ಉಸಿರು ಎಲ್ಲಿಂದ ತರುತ್ತಾರೋ. ಸಾಲಿನ ಬಾಲದಲ್ಲಿ ಇದ್ದವರು ನಾನು ಮತ್ತು ಒಬ್ಬ ದಪ್ಪನೆಯ ಪೋರ್ಚುಗೀಸ್ ಯಜಮಾನರು. ನಮಗೆ ಪ್ರತಿ ಕಥೆಯ ಕೊನೆಯ ತುಣುಕು ಮಾತ್ರ ತಲುಪುತ್ತಿತ್ತು.

ಮೊದಲು ಸಿಕ್ಕಿದ ತುಣುಕು, "...ಅಲ್ಲೇ ಮಂಡಿಯೂರಿಬಿಟ್ಟಿತು!" ಯಾರು ಅಂತ ವಿಚಾರಿಸಿದರೆ ಕುದುರೆ. ಕ್ರಿಸ್ತೊ ದೆ ಲಾ ಲೂಸ್ ಅನ್ನುವ ಪುಟ್ಟ ಮಸೀದಿ ಅದು. 999ರಲ್ಲಿ ಕಟ್ಟಿದ್ದು, ಆಮೇಲೆ ಚರ್ಚ್ ಆಯಿತು. 1085ರಲ್ಲಿ ಊರು ಗೆದ್ದ ಆರನೇ ಅಲ್ಫೊನ್ಸೊ ಈ ದಾರಿಯಲ್ಲಿ ಬಂದಾಗ ಕುದುರೆ ಮಂಡಿಯೂರಿತಂತೆ. ಗೋಡೆ ಒಡೆದು ನೋಡಿದರೆ ಒಳಗೆ ಶಿಲುಬೆ, ಅದರ ಮುಂದೆ ಆರದ ದೀಪ. ನೆನಪಿಗೆ ಅಂತ ನೆಲದಲ್ಲಿ ಒಂದು ಬಿಳಿ ಕಲ್ಲು ಇದೆ. ನನಗೆ ದೈವದಲ್ಲಿ ನಂಬಿಕೆ ಉಂಟು. ಆದರೆ ಆ ಏರು ಹತ್ತಿದ ಮೇಲೆ ಕುದುರೆಯ ಕಡೆಯಿಂದಲೂ ಸ್ವಲ್ಪ ಯೋಚಿಸಬೇಕು ಅನಿಸಿತು. ಯಜಮಾನರು ಏನೂ ಅನ್ನದೆ ಬಿಳಿ ಕಲ್ಲಿನ ಪಕ್ಕದಲ್ಲೇ ಕೂತರು.

1561ರಲ್ಲಿ ಎರಡನೇ ಫಿಲಿಪ್ ಆಸ್ಥಾನವನ್ನು ಇಲ್ಲಿಂದ ಮ್ಯಾಡ್ರಿಡ್‌ಗೆ ಎತ್ತಿಕೊಂಡು ಹೋದ. ಯಾಕೆ ಹೋದ ಅಂತ ಚರಿತ್ರೆಕಾರರು ಇನ್ನೂ ವಾದ ಮಾಡುತ್ತಾರೆ. ಅವರು ಒಮ್ಮೆ ಸೊಕೊದೊವೆರ್ ಚೌಕದ ತನಕ ಓಡಲಿ, ಸಾಕು.

ಚೌಕ ದಾಟಿದ ಮೇಲೆ ಓಣಿಗಳ ಸರದಿ. ಎರಡೂ ಕಡೆ ಎತ್ತರದ ಮನೆಗಳು, ಕಾಲಡಿಗೆ ಉರುಟು ಕಲ್ಲು. ಎದುರಿಂದ ಬ್ರೆಡ್ಡಿನ ವ್ಯಾನ್ ಬಂತು. ಇಲ್ಲಿ ವ್ಯಾನಿಗೂ ಗೋಡೆಗೂ ನಡುವೆ ಉಳಿಯುವ ಜಾಗ ಒಂದು ಪುಸ್ತಕಕ್ಕೆ ಸರಿಹೋಗಬಹುದು, ಮನುಷ್ಯರಿಗಲ್ಲ. ಎಲ್ಲರೂ ಸಿಕ್ಕಿದ ಬಾಗಿಲಿಗೆ ಬೆನ್ನು ಹಚ್ಚಿ ನಿಂತೆವು. ನಾನು ಹಚ್ಚಿದ ಬಾಗಿಲು ತೆರೆದುಕೊಂಡಿತು. ಒಳಗೆ ಒಬ್ಬಜ್ಜಿ ಕಸಬರಿಕೆ ಹಿಡಿದು ನಿಂತಿದ್ದರು. ಬೆವರು ಸುರಿಸುತ್ತಾ ಹಿಂದುಹಿಂದಾಗಿ ಮನೆಯೊಳಗೆ ಬಂದ ಹೆಂಗಸಿಗೆ ಏನು ಅನ್ನಬೇಕು ಅಂತ ಪಾಪ ಅವರಿಗೂ ತೋಚಲಿಲ್ಲ. "ಬ್ವೆನೊಸ್ ದಿಯಾಸ್" ಅಂದೆ. ಅವರೂ ಅಂದರು. ವ್ಯಾನ್ ಹೋಯಿತು. ನಾನೂ ಹೊರಟೆ.

ಕೆಥೆಡ್ರಲ್ 1226ರಲ್ಲಿ ಶುರುವಾಗಿ 1493ರಲ್ಲಿ ಮುಗಿದದ್ದು. 267 ವರ್ಷ! ನಮಗೆ ಸಿಕ್ಕಿದ್ದು ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು. ಸಾಂತೊ ತೊಮೆ ಚರ್ಚಿನ ಮುಂದೆ ಅದೂ ಇಲ್ಲ. ಎಲ್ ಗ್ರೆಕೊ ಬರೆದ 'ಓರ್ಗಾಸ್ ಪ್ರಭುವಿನ ಸಮಾಧಿ' ಚಿತ್ರ ಇರುವುದು ಅದರೊಳಗೆ. ಬಾಗಿಲು ಇನ್ನೂ ತೆರೆದಿರಲಿಲ್ಲ. ಗೈಡಮ್ಮ ಓಟ ನಿಲ್ಲಿಸದೆ ಗೋಡೆಯ ಕಡೆ ಕೈ ತೋರಿಸಿದರು. ನಾನು ಟೊಲೇಡೊಗೆ ಬಂದಿದ್ದೇ ಆ ಚಿತ್ರಕ್ಕೆ. ಗೋಡೆ ಚೆನ್ನಾಗಿತ್ತು.

ಸಾನ್ ಹುವಾನ್ ದೆ ಲೊಸ್ ರೆಯೆಸ್ ಮಠದ ಹೊರಗೋಡೆಯಲ್ಲಿ ಕಬ್ಬಿಣದ ಸರಪಳಿಗಳನ್ನು ತೂಗುಹಾಕಿದ್ದಾರೆ. ಗ್ರನಾಡಾದ ಸೆರೆಯಿಂದ ಬಿಡಿಸಿದ ಕ್ರೈಸ್ತ ಕೈದಿಗಳ ಸರಪಳಿಗಳಂತೆ. ಅವರಿಗೆ ಬಿಡುಗಡೆ ಸಿಕ್ಕಿತ್ತು ಅಂತ ಕೇಳಿ ಯಜಮಾನರು ಗೈಡಮ್ಮನ ಬೆನ್ನನ್ನೇ ನೋಡಿದರು.

ಸಾನ್ ಮಾರ್ಟಿನ್ ಸೇತುವೆಯಲ್ಲಿ ಬಂದ ತುಣುಕು, "...ಹೆಂಡತಿ ಬೆಂಕಿ ಇಟ್ಟಳು." ನಾನು ವೇಗ ಹೆಚ್ಚಿಸಿದ್ದು ಇದೊಂದೇ ಕಥೆಗೆ. ಸೇತುವೆ ಕಟ್ಟಿದವನಿಗೆ ಲೆಕ್ಕ ತಪ್ಪಿತ್ತಂತೆ. ಸಾರುವೆ ಬಿಚ್ಚಿದರೆ ಕಮಾನು ನದಿಗೆ ಬೀಳುತ್ತೆ ಅಂತ ರಾತ್ರಿಯೆಲ್ಲ ನಿದ್ದೆಯಿಲ್ಲ. ಹೆಂಡತಿ ಸದ್ದಿಲ್ಲದೆ ಹೋಗಿ ಸಾರುವೆಗೇ ಬೆಂಕಿ ಹಚ್ಚಿದಳು. ಎಲ್ಲ ಬಿತ್ತು. ಊರೆಲ್ಲ ಬೆಂಕಿಯನ್ನು ಬೈಯಿತು, ಗಂಡ ಮತ್ತೆ ಸರಿಯಾಗಿ ಕಟ್ಟಿದ. ಕಮಾನಿನ ನೆತ್ತಿಯಲ್ಲಿರುವ ಪುಟ್ಟ ಶಿಲ್ಪ ಆಕೆಯದೇ ಅಂತ ಜನ ಹೇಳುತ್ತಾರೆ. ನಿಜವೋ ಸುಳ್ಳೋ, ಇಡೀ ಊರಲ್ಲಿ ನನಗೆ ಜಾಸ್ತಿ ಇಷ್ಟವಾದ ವ್ಯಕ್ತಿ ಆಕೆಯೇ. ನನ್ನ ಗಂಡ ಆಗ ಕೈಗಡಿಯಾರವನ್ನು ಅಲ್ಲಾಡಿಸುತ್ತಿದ್ದರು.

ಗಡಿಯಾರಕ್ಕೆ ತಲೆ ತಿರುಗಿತ್ತು. ಉಪಗ್ರಹದ ಸಂಕೇತ ಇಂಥ ಓಣಿಗಳಲ್ಲಿ ಗೋಡೆಯಿಂದ ಗೋಡೆಗೆ ಪುಟಿದು ದಾರಿ ತಪ್ಪುತ್ತದೆ. ಭೂಪಟದ ಪ್ರಕಾರ ನಾವು ಟಿಕೆಟ್ ಇಲ್ಲದೆ ಕೆಥೆಡ್ರಲ್ ಒಳಗೆ ನುಗ್ಗಿ, ಇನ್ನೊಂದು ಗೋಡೆಯಿಂದ ಹೊರಬಿದ್ದು, ನಾಲ್ಕಾರು ಮನೆಗಳ ಅಡುಗೆಮನೆ ದಾಟಿದ್ದೆವು. ಒಂದು ಕಿಲೋಮೀಟರನ್ನಂತೂ ವಿಶ್ವದಾಖಲೆಗಿಂತ ಬೇಗ ಓಡಿದ್ದೆವು. ಇವರು ಅದನ್ನು ಅಳಿಸುತ್ತಾರೆ ಅಂದುಕೊಂಡೆ. ಅಳಿಸಲಿಲ್ಲ. ಬೆಂಗಳೂರಿನ ಗೆಳೆಯರಿಗೆ ಕಳಿಸಿದರು.

ವಾಪಸ್ ಊರು ಹತ್ತುವಾಗ ದೇವರು ಕಣ್ಣುಬಿಟ್ಟ. ರೆಕಾರೆದೊ ರಸ್ತೆಯ ಬದಿಯಲ್ಲಿ, ಗುಡ್ಡ ಕೊರೆದು, 2000ದಲ್ಲಿ ಎಸ್ಕಲೇಟರ್ ಮಾಡಿಟ್ಟಿದ್ದಾರೆ. ಓಟಗಾರರೆಲ್ಲ ಮೆಟ್ಟಿಲ ಕಡೆ ತಿರುಗಿದರು. ನಾನೂ ಯಜಮಾನರೂ ಒಂದು ಮಾತೂ ಆಡದೆ ಎಸ್ಕಲೇಟರ್ ಹತ್ತಿ ರಾಜರ ಹಾಗೆ ನಿಂತೆವು. ಮೇಲೆ ತಲುಪಿದಾಗ ಫೋನಿನಲ್ಲಿ ಓಟದ ಲೆಕ್ಕ ಇಡುವ ಆ್ಯಪ್ ಟಿಣ್ ಅಂದಿತು: 'ಭಾರೀ ಏರು! ಶಭಾಷ್!'

ತಿಂಡಿಗೆ ಮಾರ್ಸಿಪಾನ್ ಸಿಕ್ಕಿತು. ಬಾದಾಮಿ, ಸಕ್ಕರೆ ಅರೆದು ಮಾಡುವ ಈ ಊರಿನ ಸಿಹಿ, ನಮ್ಮ ಬಾದಾಮಿ ಬರ್ಫಿಯ ದೂರದ ನೆಂಟ. ಬೇಗ ತಿಂದೆ. ಕೆಲಸವಿತ್ತಲ್ಲ.

ಮಧ್ಯಾಹ್ನ ಸಾಂತೊ ತೊಮೆಗೆ ಹೋದೆ, ನಡೆದುಕೊಂಡು, ಒಬ್ಬಳೇ. ಟಿಕೆಟಿನ ಸಾಲಿನಲ್ಲಿ ನನ್ನ ಮುಂದೆ ಪೋರ್ಚುಗೀಸ್ ಯಜಮಾನರು. ಅವರ ಮುಂದೆ ಬೆಳಗಿನ ಜರ್ಮನ್ ಜೋಡಿ. ಅವರಿಗೂ ಮುಂದೆ, ಎಲ್ಲರಿಗಿಂತ ಮೊದಲು ಮೆಟ್ಟಿಲು ಹತ್ತಿ ಗೆದ್ದಿದ್ದ ಹುಡುಗ, ಕುಂಟುತ್ತಾ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಟಿಕೆಟ್ ಕೊಡುವಾತ ಕಿಟಕಿಯಿಂದ ಬಗ್ಗಿ ಸಾಲಾಗಿ ನಮ್ಮ ಬೂಟುಗಳನ್ನು ನೋಡಿದ.

"ಬೆಳಿಗ್ಗೆ ಓಡಿದವರಾ? ಒಳಗೆ ಕುರ್ಚಿ ಇದೆ, ಹೋಗಿ" ಅಂದ.