ಹುಳಿಸೊಪ್ಪಿನ ಮೇಲೊಂದು ತಕರಾರು

ಚಿಕ್ಕಪ್ಪನ ಮೆಸೇಜ್ ಬೆಳಿಗ್ಗೆ ಬಂತು. ಹುಳಿಸೊಪ್ಪು ತಿನ್ನಿ, ರಕ್ತ ಶುದ್ಧಿ, ಕಣ್ಣು ಚುರುಕು, ಮೂಳೆ ಗಟ್ಟಿ. ಸಂಜೆ ಅದೇ ಚಿಕ್ಕಪ್ಪ, ಅದೇ ಫ್ಯಾಮಿಲಿ ಗ್ರೂಪ್: ಹುಳಿಸೊಪ್ಪು ತಿನ್ನುವವರೇ ಎಚ್ಚರ, ಕಿಡ್ನಿಯಲ್ಲಿ ಕಲ್ಲು, ಎಲ್ಲರಿಗೂ ಹಂಚಿ. ಎರಡರ ಕೆಳಗೂ ಕೈ ಮುಗಿದ ಚಿತ್ರ. ಈ ಎರಡರ ನಡುವೆ ಮಧ್ಯಾಹ್ನದ ಊಟ ಅಂತ ಒಂದು ಇತ್ತಲ್ಲ, ಅದರಲ್ಲಿ ನಾನು ಆ ಸೊಪ್ಪನ್ನೇ ತಿಂದು ಮುಗಿಸಿದ್ದೆ. ಅಂದರೆ ತಿನ್ನುವಾಗ ಆರೋಗ್ಯವಂತ, ಅರಗುವ ಹೊತ್ತಿಗೆ ರೋಗಿ. ಒಂದೇ ಎಲೆಯಿಂದ ಇಷ್ಟೆಲ್ಲ ಆಗುತ್ತದೆ ಅಂದರೆ ಅದರ ಬಗ್ಗೆ ಗೌರವ ಬರಬೇಕು. ನನಗೆ ಸಿಟ್ಟು ಬಂತು.

ನಾನು ಹೇಳುತ್ತಿರುವುದು ಸಾರೆಲ್ ಅನ್ನುವ ಹುಳಿಸೊಪ್ಪಿನ ವಿಷಯ. ನೂರು ಗ್ರಾಂ ಹಸಿ ಎಲೆಯಲ್ಲಿ ಸುಮಾರು 48 ಮಿಲಿಗ್ರಾಂ ವಿಟಮಿನ್ ಸಿ ಇದೆ, 100 ಮಿಲಿಗ್ರಾಂ ಆಸುಪಾಸು ಮೆಗ್ನೀಷಿಯಂ ಇದೆ, ಪೊಟ್ಯಾಸಿಯಂ ಇದೆ, ವಿಟಮಿನ್ ಎ ಆಗಿ ಬದಲಾಗುವ ಕ್ಯಾರೋಟಿನ್ ಇದೆ. ಉಳಿದದ್ದು ಬಹುಪಾಲು ನೀರು. ಒಳ್ಳೆಯ ಲೆಕ್ಕವೇ. ಆದರೆ ಈ ನೂರು ಗ್ರಾಂ ಅನ್ನುವುದು ಯಾರ ತಟ್ಟೆಯಲ್ಲಿ ಇರುತ್ತದೆ ಅಂತ ಯಾರೂ ಹೇಳುವುದಿಲ್ಲ. ಒಂದು ದೊಡ್ಡ ಹಿಡಿ ಸೊಪ್ಪನ್ನು ಬಿಸಿ ಬೆಣ್ಣೆಗೆ ಹಾಕಿ ನೋಡಿ. ಮೊದಲು ಸೊರ್ ಅನ್ನುತ್ತದೆ. ಆಮೇಲೆ ಎಲೆಯ ಅಂಚಿನಿಂದ ಬಣ್ಣ ಹೋಗಲು ಶುರುವಾಗುತ್ತದೆ, ಹಚ್ಚ ಹಸಿರು ಇದ್ದದ್ದು ಕಣ್ಣೆದುರೇ ಮಂಕು ಖಾಕಿಗೆ ತಿರುಗುತ್ತದೆ, ಒಳಗಿನ ಹುಳಿಯೇ ಹಸಿರನ್ನು ಕೆಡಿಸಿಬಿಡುತ್ತದೆ. ಸೌಟು ಎರಡು ಸಲ ಆಡಿಸುವಷ್ಟರಲ್ಲಿ ಬಾಣಲೆ ತುಂಬಾ ಇದ್ದದ್ದು ಎರಡು ಚಮಚ ಗೊಜ್ಜಾಗಿ ಮೂಲೆ ಸೇರಿರುತ್ತದೆ. ಬಾಣಲೆ ಕಬ್ಬಿಣದ್ದಾದರೆ ಇನ್ನೂ ಚಂದ, ಕಪ್ಪು ಬಣ್ಣ ಮತ್ತು ಬಾಯಲ್ಲಿ ಮೊಳೆ ಚೀಪಿದ ರುಚಿ ಎರಡೂ ಉಚಿತ. ಇಷ್ಟು ಸೊಪ್ಪಿನಿಂದ ಮೂಳೆ ಗಟ್ಟಿ ಆಗುವುದಾದರೆ ಆಗಲಿ, ನನ್ನದೇನೂ ಅಭ್ಯಂತರವಿಲ್ಲ.

ಸಂಜೆಯ ಮೆಸೇಜಿನಲ್ಲಿದ್ದ ಖಳನಾಯಕ ಆಕ್ಸಾಲಿಕ್ ಆಮ್ಲ. ಈ ಸೊಪ್ಪಿನ ಹುಳಿಗೆ ಮುಖ್ಯ ಕಾರಣ ಅದೇ. ತಿಂದ ಮೇಲೆ ಹಲ್ಲು ಜುಮ್ಮೆಂದು ಒರಟಾಗುತ್ತದಲ್ಲ, ಅದಕ್ಕೂ ಅದೇ ಕಾರಣ. ಕ್ಯಾಲ್ಸಿಯಂ ಕಂಡರೆ ಅದು ಬಿಡುವುದಿಲ್ಲ, ಹಿಡಿದುಕೊಂಡು ಕರಗದ ಹರಳಾಗುತ್ತದೆ. ಆ ಹರಳು ಮೂತ್ರಪಿಂಡದಲ್ಲಿ ಕೂತರೆ ಕಲ್ಲು. ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವೇ; ಆಕ್ಸಲೇಟ್ ಅಂದರೆ ಈ ಆಮ್ಲದ ಉಪ್ಪು. ಆದ್ದರಿಂದ ಚಿಕ್ಕಪ್ಪನ ಸಂಜೆ ಮೆಸೇಜ್ ಪೂರ್ತಿ ಸುಳ್ಳಲ್ಲ. ಬೆಳಗಿನದೂ ಪೂರ್ತಿ ಸುಳ್ಳಲ್ಲ. ಕಿರಿಕಿರಿ ಇರುವುದೇ ಅಲ್ಲಿ. ಪೂರ್ತಿ ಸುಳ್ಳಾಗಿದ್ದರೆ ಸುಮ್ನೆ ಅಳಿಸಿಹಾಕಿ ಮಲಗಬಹುದಿತ್ತು.

ಈ ಆಕ್ಸಾಲಿಕ್ ಆಮ್ಲದ ಮಾತು ಬಂದರೆ ನನಗೆ ಕಾರ್ಲ್ ವಿಲ್ಹೆಲ್ಮ್ ಶೀಲೆ ನೆನಪಾಗುತ್ತಾನೆ, ಮತ್ತೆ ಅವನು ನೆನಪಾದರೆ ಸೊಪ್ಪು ಮರೆತುಹೋಗುತ್ತದೆ. ಸ್ವೀಡನ್ನಿನ ಒಬ್ಬ ಔಷಧಿ ಅಂಗಡಿಯವನು. ಹುಟ್ಟಿದ್ದು 1742ರಲ್ಲಿ. ಶೋಪಿಂಗ್ (Köping) ಅನ್ನುವ ಸಣ್ಣ ಊರಿನಲ್ಲಿ ಅಂಗಡಿ ಇಟ್ಟುಕೊಂಡು, ಹಿಂದೆ ಒಲೆ ಹಚ್ಚಿಕೊಂಡು, ಕೈಗೆ ಸಿಕ್ಕಿದ್ದನ್ನೆಲ್ಲ ಕಾಯಿಸಿ, ಸೋಸಿ, ಮೂಸಿ, ಕೊನೆಗೆ ನಾಲಿಗೆಗೂ ಹಚ್ಚಿ ನೋಡುತ್ತಿದ್ದ. ಹುಳಿ ಅಂದರೆ ಇವನಿಗೆ ಏನೋ ಒಂದು ಪ್ರೀತಿ. ಹುಳಿ ಹಾಲಿನಿಂದ ಲ್ಯಾಕ್ಟಿಕ್ ಆಮ್ಲ ತೆಗೆದ, ನಿಂಬೆಯಿಂದ ಸಿಟ್ರಿಕ್ ಆಮ್ಲ ತೆಗೆದ, ಸೇಬಿನಿಂದ ಮ್ಯಾಲಿಕ್ ಆಮ್ಲ ತೆಗೆದ. 1776ರಲ್ಲಿ ಸಕ್ಕರೆಗೆ ನೈಟ್ರಿಕ್ ಆಮ್ಲ ಸುರಿದು ಒಂದು ಹೊಸ ಹುಳಿ ಮಾಡಿದ. ಸಕ್ಕರೆಯಿಂದ ಹುಳಿ, ನೋಡಿ! ಆ ಕಾಲಕ್ಕೆ ಹುಳಿಸೊಪ್ಪುಗಳಿಂದ ಒಂದು ಉಪ್ಪು ತೆಗೆದು ಬಟ್ಟೆಯ ಮೇಲಿನ ಶಾಯಿ ಕಲೆ ಹೋಗಿಸಲು ಬಳಸುತ್ತಿದ್ದರು. ಆ ಸೊಪ್ಪಿನ ಉಪ್ಪಿನಲ್ಲಿರುವುದೂ ತನ್ನ ಸಕ್ಕರೆಯ ಹುಳಿಯೂ ಒಂದೇ ಅಂತ 1784ರಲ್ಲಿ ತೋರಿಸಿದವನು ಇವನೇ.

ಇಷ್ಟೆಲ್ಲ ಮಾಡಿದವನ ಹಣೆಬರಹ ನೋಡಿ. ಆಮ್ಲಜನಕವನ್ನು 1771-72ರ ಹೊತ್ತಿಗೇ ತಯಾರಿಸಿದ್ದ. ಪುಸ್ತಕ ಅಚ್ಚಾಗಿ ಹೊರಬರುವಾಗ 1777. ಅಷ್ಟರಲ್ಲಿ ಇಂಗ್ಲೆಂಡಿನ ಪ್ರೀಸ್ಟ್ಲಿ 1774ರಲ್ಲಿ ತಾನೇ ಕಂಡುಹಿಡಿದು, ಮರುವರ್ಷ ಪ್ರಕಟಿಸಿಯೂ ಆಗಿತ್ತು. ಪ್ರೆಸ್ಸಿಗೆ ಕೊಟ್ಟ ಕೆಲಸ ಹೊತ್ತಿಗೆ ಸರಿಯಾಗಿ ಆಗುವುದಿಲ್ಲ ಅನ್ನುವುದು ಹೊಸ ಕಾಯಿಲೆ ಅಲ್ಲ. ಕ್ಲೋರಿನ್ ಅನಿಲವನ್ನೂ ಮೊದಲು ಮಾಡಿದವನು ಇವನೇ, ಆದರೆ ಅದೊಂದು ಮೂಲವಸ್ತು ಅಂತ ಸಾರಿದ್ದು 1810ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ. ಸಯನೈಡಿನ ಆಮ್ಲವನ್ನು ತಯಾರಿಸಿ ಅದರ ವಾಸನೆ ಹೀಗೆ, ರುಚಿ ಹೀಗೆ ಅಂತ ಬರೆದಿಟ್ಟ ಪುಣ್ಯಾತ್ಮ. ರುಚಿ! 1786ರಲ್ಲಿ ತೀರಿಕೊಂಡಾಗ ವಯಸ್ಸು 43. ಪಾದರಸ, ಆರ್ಸೆನಿಕ್ ಇವುಗಳ ಸಹವಾಸವೇ ಆಯಸ್ಸು ತಿಂದಿತು ಅಂತ ಬಹಳ ಜನ ಹೇಳುತ್ತಾರೆ. ಸಾಯುವ ಎರಡು ದಿನ ಮುಂಚೆ ಮದುವೆಯಾದ. ಅಂಗಡಿಯ ಹಿಂದಿನ ಮಾಲೀಕನ ವಿಧವೆಯನ್ನು. ಅಂಗಡಿ ತಕರಾರಿಲ್ಲದೆ ಅವಳಿಗೇ ಸೇರಲಿ ಅಂತ. ಮದುವೆಗಳ ಬಗ್ಗೆ ಬೇಕಾದಷ್ಟು ಕೇಳಿದ್ದೇನೆ, ಇಷ್ಟು ಅಚ್ಚುಕಟ್ಟಾದ ಕಾರಣಕ್ಕೆ ಆದ ಮದುವೆ ಇನ್ನೊಂದು ಗೊತ್ತಿಲ್ಲ. ಮನುಷ್ಯ ಲೋಕದ ಹುಳಿಯನ್ನೆಲ್ಲ ನಾಲಿಗೆಯಲ್ಲಿ ಅಳೆದ, ಸಿಹಿ ಸುದ್ದಿಗೆ ಎರಡೇ ದಿನ ಉಳಿಸಿಕೊಂಡ. ಅವನ ಬಗ್ಗೆ ಯಾರಾದರೂ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಬಾರದಾ? ಇಲ್ಲ. ಹತ್ತು ಲಾಭ, ಐದು ಅಪಾಯ, ಅಷ್ಟೇ.

ಇರಲಿ. ಸೊಪ್ಪಿಗೆ ಬರೋಣ.

ಅಪಾಯ ಇದೆಯಾ ಅಂದರೆ ಇದೆ. 1989ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಸಾವು ವರದಿಯಾಯಿತು. ಸ್ಪೇನಿನ 53 ವರ್ಷದ ಒಬ್ಬ ಮನುಷ್ಯ ಹುಳಿಸೊಪ್ಪಿನ ಸೂಪ್ ಕುಡಿದು ಸತ್ತ. ಅದರಲ್ಲಿ ಸೊಪ್ಪು ಅರ್ಧ ಕಿಲೋ ಇತ್ತು, ಹೊಟ್ಟೆಗೆ ಹೋದ ಆಕ್ಸಾಲಿಕ್ ಆಮ್ಲ 6ರಿಂದ 8 ಗ್ರಾಂ ಇರಬಹುದು ಅಂತ ವೈದ್ಯರ ಅಂದಾಜು. ಅವನಿಗೆ ಮೊದಲೇ ಸಕ್ಕರೆ ಕಾಯಿಲೆ ಇತ್ತು. ಈ ಕಥೆಯನ್ನು ಹೇಳುವವರು 'ಸೂಪ್ ಕುಡಿದು ಸತ್ತ' ಅನ್ನುವಲ್ಲಿ ನಿಲ್ಲಿಸುತ್ತಾರೆ. ಅರ್ಧ ಕಿಲೋ ಅನ್ನುವುದನ್ನು ನುಂಗಿಬಿಡುತ್ತಾರೆ. ಇತ್ತ ಲಾಭ ಹೇಳುವವರು ನೂರು ಗ್ರಾಂ ಅನ್ನುವುದನ್ನು ನುಂಗುತ್ತಾರೆ. ತಿಂಡಿಯ ವಿಷಯದಲ್ಲಿ ಎಷ್ಟು ಅಂತ ಕೇಳುವವನನ್ನು ಜಿಪುಣ ಅಂದುಕೊಳ್ಳುತ್ತಾರೋ ಏನೋ.

ಕಲ್ಲಿನ ತೊಂದರೆ ಒಮ್ಮೆ ಆದವರು, ಕಿಡ್ನಿ ದುರ್ಬಲ ಇರುವವರು ಇದನ್ನು ದೂರ ಇಡುವುದೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಉಳಿದವರಿಗೆ ಬೇಯಿಸುವ ದಾರಿ ಇದೆ. ಜಾಸ್ತಿ ನೀರಿನಲ್ಲಿ ಬೇಯಿಸಿ ಆ ನೀರು ಚೆಲ್ಲಿದರೆ ಆಕ್ಸಲೇಟ್ ಸಾಕಷ್ಟು ಇಳಿಯುತ್ತದೆ. ಅದರ ಜೊತೆ ವಿಟಮಿನ್ ಸಿ ಕೂಡ ಚರಂಡಿಗೆ ಹೋಗುತ್ತದೆ, ಅದು ಬೇರೆ. ಸೂಪ್ ಮಾಡಿದರೆ ಎರಡೂ ಪಾತ್ರೆಯಲ್ಲೇ ಉಳಿದವು. ಇನ್ನೊಂದು ದಾರಿ ಹಾಲು, ಮೊಸರು, ಕೆನೆ. ಅದರ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಗೆ ಕಳಿಸುತ್ತದೆ, ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಈ ಸೊಪ್ಪಿಗೆ ಕೆನೆ ಹಾಕುತ್ತಿದ್ದ ಹಳೆಯ ಅಡುಗೆಯವರಿಗೆ ರಸಾಯನಶಾಸ್ತ್ರ ಬೇಕಿರಲಿಲ್ಲ, ಹುಳಿ ಕಡಿಮೆಯಾದರೆ ಸಾಕಿತ್ತು. ಕಲ್ಲು ಆದವರಿಗೆ 'ಕ್ಯಾಲ್ಸಿಯಂ ಬಿಡಿ' ಅಂತ ಉಪದೇಶ ಮಾಡುವ ನೆಂಟರು ಈಗಲೂ ಇದ್ದಾರೆ. 1993ರಲ್ಲೇ ಅಮೆರಿಕದಲ್ಲಿ 45 ಸಾವಿರಕ್ಕೂ ಹೆಚ್ಚು ಗಂಡಸರನ್ನು ನೋಡಿ, ಊಟದಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದವರಿಗೇ ಕಲ್ಲು ಕಡಿಮೆ ಅಂತ ಬರೆದರು. ನೆಂಟರಿಗೆ ಆ ಸುದ್ದಿ ಇನ್ನೂ ಫಾರ್ವರ್ಡ್ ಆಗಿಲ್ಲ.

ನನಗೆ ನಿಜಕ್ಕೂ ಸಿಟ್ಟಿರುವುದು ಮಿಕ್ಸಿಯವರ ಮೇಲೆ. ಹಸಿ ಹುಳಿಸೊಪ್ಪನ್ನು ಅಗಿದು ಅರ್ಧ ಕಿಲೋ ತಿನ್ನಿ ಅಂದರೆ ಯಾರ ಕೈಲೂ ಆಗುವುದಿಲ್ಲ. ಐದಾರು ಎಲೆಗೇ ಕೆನ್ನೆ ಒಳಕ್ಕೆ ಎಳೆದುಕೊಳ್ಳುತ್ತದೆ, ಕಣ್ಣು ಮುಚ್ಚುತ್ತದೆ, ನಾಲಿಗೆ ಸಾಕು ಅನ್ನುತ್ತದೆ. ಆ ಹುಳಿಯೇ ಬ್ರೇಕು, ಅಲ್ವಾ? ಇವರು ಏನು ಮಾಡುತ್ತಾರೆ ಅಂದರೆ ಒಂದು ಕಟ್ಟು ಸೊಪ್ಪಿಗೆ ಎರಡು ಬಾಳೆಹಣ್ಣು, ಜೇನುತುಪ್ಪ ಸೇರಿಸಿ ರುಬ್ಬಿ, ಬ್ರೇಕು ಕಿತ್ತು ಬಿಸಾಕಿ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಗಟಗಟ ಕುಡಿಯುತ್ತಾರೆ, ಮೇಲಿಂದ ವಿಟಮಿನ್ ಸಿ ಮಾತ್ರೆ ಬೇರೆ. ದೇಹಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಹೋದ ವಿಟಮಿನ್ ಸಿ ಒಂದಷ್ಟು ಆಕ್ಸಲೇಟೇ ಆಗುತ್ತದೆ. ಹಸಿರು ಜ್ಯೂಸ್ ಅತಿಯಾಗಿ ಕುಡಿದು ಕಿಡ್ನಿ ಕೆಡಿಸಿಕೊಂಡವರ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಕೇಳಿದರೆ ಡಿಟಾಕ್ಸ್ ಅನ್ನುತ್ತಾರೆ. ಹುಳಿ ತಡೆಯಲಾಗದವರು ಹುಳಿಸೊಪ್ಪನ್ನೇ ಯಾಕೆ ತರಬೇಕು, ಪಾಲಕ್ ಇಲ್ಲವಾ ಅನ್ನಬೇಕೆನಿಸುತ್ತದೆ. ಅನ್ನುವ ಹಾಗೂ ಇಲ್ಲ. ಪಾಲಕ್‌ನಲ್ಲೂ ಆಕ್ಸಲೇಟ್ ತುಂಬಿಕೊಂಡಿದೆ, ಮತ್ತೆ ಅದು ಹುಳಿಯೂ ಇಲ್ಲ.