ಇನ್ನೂ ಹಗ್ಗ ಬಿಡಿ

ಲಂಗರು ಅಂದರೆ ಭಾರದ ಕಬ್ಬಿಣ, ಆ ತೂಕಕ್ಕೇ ದೋಣಿ ನಿಲ್ಲುತ್ತದೆ ಎಂದು ಬಹಳ ವರ್ಷ ನಂಬಿದ್ದೆ. ಗಂಗೊಳ್ಳಿಯ ಅಳಿವೆಯಲ್ಲಿ ಕಾಣೆ ಮೀನಿಗೆ ಗಾಳ ಹಾಕಲು ಹೋದ ದಿನ ಆ ನಂಬಿಕೆ ನೀರುಪಾಲಾಯಿತು. ಪಂಚಗಂಗಾವಳಿ ನದಿ ಸಮುದ್ರ ಸೇರುವ ಜಾಗ ಅದು. ಇಳಿತದ ಹೊತ್ತಿಗೆ ಸೆಳೆತ ಜೋರು.

ಲಂಗರು ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ತಳ ಮುಟ್ಟಿದ್ದು ಕೈಗೆ ಗೊತ್ತಾಯಿತು. ಸಾಕಲ್ವಾ ಎಂದು ಹಗ್ಗವನ್ನು ಅಲ್ಲಿಗೇ ಕಟ್ಟಿ, ಗಾಳಕ್ಕೆ ಸಿಗಡಿ ಚುಚ್ಚುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ದೋಣಿಯವರು ದಡದ ಕಡೆ ನೋಡಿ ನಕ್ಕರು.

"ಅಲ್ ಕಾಣಿ, ತೆಂಗಿನ್ಮರ ನಡೀತಾ ಇತ್ತ್!"

ಬಂದು ನಿಂತಾಗ ಮರದ ಬೆನ್ನಿಗೇ ಒಂದು ಮೊಬೈಲ್ ಟವರ್ ಇತ್ತು. ಈಗ ಮರ ಒಂದು ಕಡೆ, ಟವರ್ ಇನ್ನೊಂದು ಕಡೆ. ನಡೆಯುತ್ತಿದ್ದದ್ದು ನಾವೇ.

ಅವರು ನನ್ನ ಬೆರಳನ್ನು ಹಗ್ಗದ ಮೇಲೆ ಇಡಿಸಿದರು. ಹಗ್ಗ ಗುರುಗುಟ್ಟುತ್ತಿತ್ತು, ಬಿಗಿಯಾಗುತ್ತಿತ್ತು, ತಟ್ಟನೆ ಸಡಿಲವಾಗುತ್ತಿತ್ತು. "ಹಗ್ಗ ಬಿಡಿ. ಇನ್ನೂ ಬಿಡಿ." ಬಿಡುತ್ತಾ ಹೋದಂತೆ ಗುರುಗುಟ್ಟುವುದು ನಿಂತು, ಒಂದೇ ಸಮನೆ ಎಳೆತ ಉಳಿಯಿತು.

ಲಂಗರು ನೇಗಿಲಿನ ಹಾಗೆ. ಅಡ್ಡಕ್ಕೆ ಎಳೆದರೆ ಅದರ ಮೊನೆ ನೆಲಕ್ಕೆ ಇಳಿಯುತ್ತದೆ, ಮೇಲಕ್ಕೆ ಎತ್ತಿದರೆ ಕಿತ್ತುಕೊಂಡು ಬರುತ್ತದೆ. ಹಗ್ಗ ಗಿಡ್ಡವಾದರೆ ದೋಣಿ ಮೇಲಕ್ಕೇ ಎತ್ತುತ್ತದೆ. ಲಂಗರಿನ ಹತ್ತಿರ ಒಂದಷ್ಟು ಸರಪಳಿ ಇರುವುದೂ ಇದಕ್ಕೇ, ಅದು ತನ್ನ ಭಾರಕ್ಕೆ ನೆಲದ ಮೇಲೆ ಮಲಗಿರುತ್ತದೆ. ಆಳದ ಐದರಿಂದ ಏಳು ಪಟ್ಟು ಹಗ್ಗ ಬೇಕು ಎನ್ನುವುದು ಲೆಕ್ಕ. ನೀರು 4 ಮೀಟರ್, ದೋಣಿಯ ಮೂತಿ ಅದರಿಂದ ಅರ್ಧ ಮೀಟರ್ ಮೇಲೆ, ಉಬ್ಬರಕ್ಕೆ ಒಂದೂವರೆ. ಒಟ್ಟು 6, ಐದು ಪಟ್ಟು ಅಂದರೂ 30 ಮೀಟರ್! ನಾನು ಬಿಟ್ಟಿದ್ದು ಐದೋ ಆರೋ.

ತಳವೂ ಮುಖ್ಯ. ಗಟ್ಟಿ ಮರಳು, ಜಿಗುಟು ಕೆಸರು ಒಳ್ಳೆಯವು. ತೆಳು ಗಂಜಿಯಂಥ ಕೆಸರಿನಲ್ಲಿ ಹಿಡಿತ ಕಡಿಮೆ. ಬಂಡೆಯದ್ದು ಬೇರೆಯೇ ಪಾಡು: ಅಲ್ಲಿ ಸಿಕ್ಕಿಕೊಂಡರೆ ಮೇಲೆ ಬರುವುದೇ ಇಲ್ಲ. ಅದಕ್ಕೆ ಕೆಲವರು ಹಗ್ಗವನ್ನು ಲಂಗರಿನ ಬುಡಕ್ಕೇ ಕಟ್ಟಿ, ಮೇಲಿನ ಬಳೆಗೆ ಸುಮ್ನೆ ಒಂದು ಸಣ್ಣ ದಾರ ಬಿಗಿಯುತ್ತಾರೆ. ಸಿಕ್ಕಿಕೊಂಡಾಗ ಜೋರಾಗಿ ಎಳೆದರೆ ದಾರ ಹರಿದು, ಲಂಗರು ಬುಡ ಮೇಲಾಗಿ ಬಂಡೆಯಿಂದ ಬಿಡಿಸಿಕೊಳ್ಳುತ್ತದೆ. ಈ ಉಪಾಯ ಕಂಡುಹಿಡಿದವರು ಎಷ್ಟು ಲಂಗರು ಕಳೆದುಕೊಂಡಿದ್ದರೋ!

ಹೊರಡುವಾಗ ದೋಣಿಯನ್ನು ಲಂಗರಿನ ನೆತ್ತಿಗೇ ತಂದು ನೇರ ಮೇಲಕ್ಕೆ ಎಳೆದೆವು. ಎರಡೇ ಜಗ್ಗಿಗೆ ಬಂತು. ಕೊಕ್ಕೆಯ ತುಂಬ ಕಪ್ಪು ಕೆಸರು, ಒಂದು ಹರಿದ ಬಲೆಯ ತುಂಡು. ಕಾಣೆ ಮಾತ್ರ ಒಂದೂ ಇರಲಿಲ್ಲ.