ಒಂದ್ಸಲ ಸೆಟ್ ಮಾಡಿದ್ರೆ ಮುಗೀತು ಅಂದುಕೊಂಡಿದ್ದೆ

ಹದಿನೆಂಟು ವರ್ಷದಿಂದ ರಾಯಚೂರಿನಲ್ಲಿ ಕಂಪ್ಯೂಟರ್ ರಿಪೇರಿ, ನೆಟ್‌ವರ್ಕ್ ಅಂತ ಇದೇ ಕೆಲಸ ಮಾಡುತ್ತಿದ್ದೇನೆ. ಮನೆಯಲ್ಲಿ ಒಂದು ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಸರ್ವರ್ ಮಾಡಿಕೊಂಡಿದ್ದೇನೆ. ಮನೆಮಂದಿಯ ಫೋಟೋ, ಅಪ್ಪನ ಹೊಲದ ಪಹಣಿ ಎಲ್ಲ ಅದರಲ್ಲೇ. ನಮ್ಮದು ನಮ್ಮ ಮನೆಯಲ್ಲೇ ಇರಲಿ ಅನ್ನೋ ಹಟ.

ಮೊನ್ನೆ ಮಾನ್ವಿಯಿಂದ ಅಕ್ಕನ ಮಗ ಫೋನ್ ಮಾಡಿದ. "ಮಾಮ, ಮದುವಿ ಫೋಟೋ ನೋಡಾಕ ಹೋದ್ರ ಈ ಸೈಟ್ ಸೇಫ್ ಇಲ್ಲ ಅಂತ ಬರಾಕತ್ತೈತಿ. ಹ್ಯಾಕ್ ಆಗೈತೇನು?"

ಹ್ಯಾಕ್ ಆಗಿರಲಿಲ್ಲ. ಇದು ಅಸಲಿ ಸೈಟೇ ಅಂತ ಬ್ರೌಸರಿಗೆ ತೋರಿಸೋ ಡಿಜಿಟಲ್ ಸರ್ಟಿಫಿಕೇಟ್ ಇರುತ್ತಲ್ಲ, ಅದರ ಅವಧಿ ಮುಗಿದಿತ್ತು, ಅಷ್ಟೇ. ಇದೇ ವಿಷಯಕ್ಕೆ ಎಷ್ಟು ಗಿರಾಕಿಗಳಿಗೆ ಬುದ್ಧಿ ಹೇಳಿದ್ದೆನೋ!

ನಾನು ಬಳಸೋದು ಲೆಟ್ಸ್ ಎನ್‌ಕ್ರಿಪ್ಟ್‌ನವರ ಉಚಿತ ಸರ್ಟಿಫಿಕೇಟ್, 90 ದಿನದ್ದು. ತಾನೇ ರಿನ್ಯೂ ಆಗೋ ಹಾಗೆ ಯಾವತ್ತೋ ಮಾಡಿಟ್ಟು ಮರೆತಿದ್ದೆ. ಈ ನಡುವೆ ರೂಟರ್ ಬದಲಾಯಿಸಿ, ಸೈಟ್ ಓಡೋಕೆ ಬೇಕಾದ 443ನೇ ಪೋರ್ಟ್ (ಹೊರಗಿನಿಂದ ಸರ್ವರಿಗೆ ಬರೋ ಬಾಗಿಲು) ಒಂದನ್ನೇ ತೆರೆದು, ಭಾರೀ ಹುಷಾರಿ ಮಾಡಿದೆ ಅಂದುಕೊಂಡು ಸುಮ್ನಾದೆ. ಆದರೆ ನನ್ನ ರಿನ್ಯೂವಲ್ ನಡೆಯುತ್ತಿದ್ದದ್ದು 80ನೇ ಪೋರ್ಟಿನ ಮೂಲಕ, ಅದು ಮುಚ್ಚಿದ್ದರಿಂದ ರಿನ್ಯೂ ನಿಂತುಹೋಗಿತ್ತು. ಅವಧಿ ಮುಗಿಯೋ ಮುಂಚೆ ಅವರಿಂದ ಮೇಲ್ ಬರುತ್ತಿತ್ತು, ಅದನ್ನೇ ನಂಬಿದ್ದೆ. 2025ರ ಜೂನ್‌ನಲ್ಲಿ ಆ ಮೇಲ್ ಕಳಿಸೋದನ್ನೇ ನಿಲ್ಲಿಸಿದ್ದಾರೆ. ತಿಂಗಳುಗಳ ಮೊದಲೇ ಹೇಳಿದ್ದರು, ಓದದೇ ಇದ್ದವನು ನಾನು.

ಯೋಚನೆ ಮಾಡಿದರೆ, ನನಗೆ ಗೊತ್ತಿದ್ದದ್ದು ತಪ್ಪಾಗಿರಲಿಲ್ಲ. ಸೆಟ್ ಮಾಡಿದ ದಿನ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಒಂದನ್ನು ನಾನು ಬದಲಾಯಿಸಿದೆ, ಇನ್ನೊಂದನ್ನು ಅವರು. ಏನೂ ಗೊತ್ತಿಲ್ಲದವನಾಗಿದ್ದರೆ ಹೆದರಿಕೊಂಡು ಯಾರನ್ನಾದರೂ ಕೇಳುತ್ತಿದ್ದ. ನನ್ನಂಥ 'ಗೊತ್ತಿರೋನು' ಹೊಸದಾಗಿ ಏನು ಬಂದಿದೆ ಅಂತ ನೋಡೋಕೂ ಹೋಗಲ್ಲ.

ಈ ರಿನ್ಯೂ ಮಾಡೋ ಕಾಟ ಮುಂದೆ ಇನ್ನೂ ಜಾಸ್ತಿಯಾಗುತ್ತೆ. ಒಂದು ಕಾಲಕ್ಕೆ ಸರ್ಟಿಫಿಕೇಟ್ ತಗೊಂಡರೆ ವರ್ಷಗಟ್ಟಲೆ ಚಿಂತೆ ಇರಲಿಲ್ಲ. 2020ರಲ್ಲಿ ಅದನ್ನು ಹೆಚ್ಚೆಂದರೆ 398 ದಿನ ಅಂತ ಮಾಡಿದರು. 2029ರ ಮಾರ್ಚ್‌ನಿಂದ ಯಾರೇ ಕೊಟ್ಟರೂ 47 ದಿನ ಮಾತ್ರ. ಸರ್ಟಿಫಿಕೇಟಿನ ಗುಪ್ತ ಕೀಲಿ ಕಳುವಾದರೆ ಕಳ್ಳನಿಗೆ ಬಹಳ ದಿನ ಉಪಯೋಗಕ್ಕೆ ಬರಬಾರದಲ್ವಾ, ಅದಕ್ಕೆ.

"ಇಷ್ಟೆಲ್ಲ ಯಾಕ್ರೀ ತಲೆನೋವು, ದೊಡ್ಡ ಕಂಪನಿಗೆ ಕೊಟ್ಟುಬಿಡಿ" ಅನ್ನೋರು ಇದ್ದಾರೆ. 2020ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್‌ನವರ ಮೀಟಿಂಗ್ ಆ್ಯಪ್ ಟೀಮ್ಸ್ ಗಂಟೆಗಟ್ಟಲೆ ಬಂದ್ ಆಗಿತ್ತು, ಕಾರಣ ಅವಧಿ ಮುಗಿದ ಒಂದು ಸರ್ಟಿಫಿಕೇಟ್! (ಓದಿದಾಗ ಆಗ ನಕ್ಕಿದ್ದೆ. ಈಗ ನಗು ಬರ್ತಿಲ್ಲ.)

ನನ್ನ ಸರ್ವರ್ ಅಂತೂ ನನ್ನ ಮನೆಯಲ್ಲೇ ಇರುತ್ತೆ. ಎರಡು ರಾತ್ರಿ ಕೂತು ಡಿಎನ್‌ಎಸ್ (ಸೈಟಿನ ಹೆಸರಿನಿಂದ ವಿಳಾಸ ಹುಡುಕಿಕೊಡೋ ವ್ಯವಸ್ಥೆ) ಮೂಲಕ ರಿನ್ಯೂ ಮಾಡೋದು ಕಲಿತೆ. ಅದಕ್ಕೆ ಯಾವ ಪೋರ್ಟೂ ತೆರೆಯಬೇಕಿಲ್ಲ. ಈ ದಾರಿ ವರ್ಷಗಳಿಂದ ಇತ್ತು ಬಿಡಿ.

ಇದನ್ನು ಬರೆಯುವಾಗಲೇ ಪಕ್ಕದ ಕೋಣೆಯಲ್ಲಿ ಯುಪಿಎಸ್ ಕೀಂಯ್ ಅನ್ನುತ್ತಿದೆ. ಕರೆಂಟ್ ತಯಾರಾಗೋ ಶಕ್ತಿನಗರ ಪಕ್ಕದಲ್ಲೇ ಇದ್ದರೂ ಯುಪಿಎಸ್ ಇಲ್ಲದೆ ನಡೆಯಲ್ಲ ನೋಡಿ ನಮ್ಮಲ್ಲಿ. ಬ್ಯಾಟರಿಗೆ ನೀರು ಹಾಕಿ ಎಷ್ಟು ತಿಂಗಳಾಯಿತೋ!